ಚಾದರದ ಹಿಂದೆ ನಿಂತ ಕಾಕಾ

"ಅಪ್ಪ ಹೋಗಿಬಿಟ್ಟ, ಅಕ್ಕಾ" ಎಂದು ಫೋನಿನಲ್ಲಿ ಹೇಳಿದ ಹುಡುಗಿ, ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತು ಸೇರಿಸಿದಳು. "ನಿಮ್ಮ ಹಂತೇಕ ಅಪ್ಪಂದೊಂದು ಫೋಟೋ ಐತೇನ್ರಿ?"

ಸಾವಿನ ಸುದ್ದಿಗೆ ಕಣ್ಣೀರು ಬರಬೇಕಿತ್ತು. ನನಗೆ ಬಂದದ್ದು ಅಂಜಿಕೆ. ಬ್ಯಾಡಗಿಯ ಆ ಮನೆಯ ಮಾಳಿಗೆಯ ಮೇಲೆ ಫೋಟೋ ತೆಗೆದವಳು ನಾನೇ, ಅದೂ ಒಂದಲ್ಲ ಎರಡಲ್ಲ, ಟ್ರಂಕು ತುಂಬುವಷ್ಟು. ಅಷ್ಟರಲ್ಲಿ ಇವಳ ಅಪ್ಪ, ನಾನು ಕಾಕಾ ಎನ್ನುತ್ತಿದ್ದವರು, ಇದ್ದ ಫೋಟೋ ಒಂದೇ ಒಂದು, ಅದು ಕಳೆದುಹೋಗಿತ್ತು. ಅದು ಕಳೆದ ದಿನ ಆ ಮನುಷ್ಯ ಪಟ್ಟ ಪಾಡನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಈಗಲೂ ಕನಸಿನಲ್ಲಿ ಬಂದರೆ ಬೆವೆತು ಏಳುತ್ತೇನೆ.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ಆಗ ನಾನು ಹಾವೇರಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ನಾನು, ನನ್ನ ಅವ್ವ ಬ್ಯಾಡಗಿಯಲ್ಲಿ ಅವರ ಮನೆಗೆ ಅಂಟಿಕೊಂಡ ಬಾಡಿಗೆ ಮನೆಯಲ್ಲಿದ್ದೆವು. ನಡುವೆ ಒಂದೇ ಗೋಡೆ. ಆ ಕಡೆ ಕಾಕಾ ಸೀನಿದರೆ ಈ ಕಡೆಯಿಂದ ನನ್ನ ಅವ್ವ "ನೂರು ವರ್ಷ" ಎನ್ನುತ್ತಿದ್ದಳು. ಆ ಮನೆಯಲ್ಲಿ ಇದ್ದವರು ಮೂರೇ ಜನ: ಕಾಕಾ, ಅವರ ಹೆಂಡತಿ ಚಿಗವ್ವ, ಮತ್ತು ಬಿ.ಎಡ್. ಮುಗಿಸಿ ಕಾಗಿನೆಲೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಮಗಳು.

ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿಗೆ ಕಾಕಾ ಮ್ಯಾನೇಜರು. ಹೊರಗೆ ಸುಡುವ ಬಿಸಿಲು, ಒಳಗೆ ಹಲ್ಲು ಕಟಕಟ ಎನ್ನುವ ಥಂಡಿ. ನೆಗಡಿ ಹತ್ತೀತೆಂದು ಯುಗಾದಿ ಮುಗಿದ ಮೇಲೂ ಕೊರಳಿಗೆ ಕಂದು ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದರು. ಜನ ನಗುತ್ತಿದ್ದರು. ನಗಲಿ, ನ್ಯುಮೋನಿಯಾ ಆದರೆ ಅವರು ಬರುತ್ತಾರೇನು ಎಂಬುದು ಕಾಕಾನ ವಾದ. ಮನೆಗೆ ಕೀಲಿ ಹಾಕಿ ಎಳೆದು ನೋಡುವುದು, ಓಣಿಯ ತಿರುವಿನವರೆಗೆ ಹೋಗಿ ತಿರುಗಿ ಬಂದು ಮತ್ತೆ ಎಳೆದು ನೋಡುವುದು. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂರರು, ಬಾಗಿಲ ಬದಿಗಂತೂ ಇಲ್ಲವೇ ಇಲ್ಲ. ಚಿಗವ್ವ ಸಾರು ಕುದಿಸುತ್ತಿದ್ದರೆ ಮೆಲ್ಲಗೆ ಒಳಗೆ ಬಂದು ಸಿಲಿಂಡರಿನ ಹತ್ತಿರ ಮೂಗು ಇಟ್ಟು ಹೋಗುವರು. "ಸಾರು ಹೆಂಗಾಗೇತಿ ನೋಡ್ರಿ ಅಂದ್ರ ಸಿಲಿಂಡರ್ ಮೂಸ್ತಾರವಾ ಇವರು!" ಎಂದು ಚಿಗವ್ವ ನನ್ನ ಹತ್ತಿರ ದೂರುತ್ತಿದ್ದಳು.

ಆಫೀಸಿನ ಯಾವ ಪಾವತಿ ಚೀಟಿಯಲ್ಲೂ ಅವರು ಖಾಲಿ ಜಾಗ ಬಿಟ್ಟವರಲ್ಲ. ಬರೆಯಲು ಏನೂ ಇಲ್ಲದ ಕಡೆ ಗೆರೆ ಎಳೆದಾದರೂ ತುಂಬುತ್ತಿದ್ದರು. "ಖಾಲಿ ಬಿಟ್ರ ಆಮ್ಯಾಲೆ ಯಾರರೆ ತುಂಬ್ತಾರವಾ" ಎನ್ನುವರು. ಈ ಚಟವನ್ನು ನೆನಪಿಡಬೇಕು, ಮುಂದೆ ಅದು ನಮ್ಮ ಕುತ್ತಿಗೆಗೇ ಬಂತು.

ಇನ್ನೊಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: "ಹೊರಗ ಹೋತಂದ್ರ ಹೋತು." ಚೀಲದ ವಿಷಯಕ್ಕೂ ಅದೇ, ಮಾತಿನ ವಿಷಯಕ್ಕೂ ಅದೇ, ಹೆಣ್ಣುಮಕ್ಕಳ ಫೋಟೋದ ವಿಷಯಕ್ಕಂತೂ ಮೊದಲು ಅದೇ.

ಫೋಟೋದ ಅಂಜಿಕೆಯನ್ನು ಮಾತ್ರ ನಾನು ನಗೆಗೆ ಹಚ್ಚಲಾರೆ. ಹಾವೇರಿಯಲ್ಲಿ ಅವರ ತಂಗಿಯ ಮಗಳಿಗೆ ಗಂಡು ಗೊತ್ತಾಗಿತ್ತು. ಅದಕ್ಕೂ ಮೊದಲು ಗಂಡಿನವರಿಗೆ ತೋರಿಸಲೆಂದು ಒಂದು ಸ್ಟುಡಿಯೋದಲ್ಲಿ ಅವಳ ಫೋಟೋ ತೆಗೆಸಿದ್ದರು. ಅದು ಚೆಂದ ಬಂದದ್ದೇ ತಪ್ಪಾಯಿತು. ಸ್ಟುಡಿಯೋದವನು ಯಾರನ್ನೂ ಕೇಳದೆ ಅದನ್ನು ದೊಡ್ಡದು ಮಾಡಿ, ಬೀದಿಗೆ ಕಾಣುವ ಗಾಜಿನ ಶೋಕೇಸಿನಲ್ಲಿ ಯಾವನೋ ಹುಡುಗನ ಫೋಟೋದ ಮಗ್ಗುಲಲ್ಲಿ ಇಟ್ಟುಬಿಟ್ಟ. ಬಸ್‌ಸ್ಟ್ಯಾಂಡಿಗೆ ಹೊರಟಿದ್ದ ಬೀಗರ ಕಣ್ಣಿಗೆ ಅದು ಬಿತ್ತು. "ಬಾಜಾರದಾಗ ನಿಂತ ಹುಡುಗಿ ನಮಗ ಬ್ಯಾಡ್ರಿ" ಎಂದು ಹೇಳಿಕಳಿಸಿದರು. ಅಷ್ಟೇ. ಆ ಹುಡುಗಿ ಆಮೇಲೆ ಮನೆಯ ಕಟ್ಟೆಗೆ ಬಂದು ಕೂರುವುದನ್ನೂ ಬಿಟ್ಟಳು. ಫೋಟೋ ತೆಗೆಸಿಹಾಕಲು ಹೋಗಿದ್ದ ಕಾಕಾ ಮನೆಗೆ ಬಂದು ಜ್ವರ ಹಿಡಿದು ಮಲಗಿದರು.

ಜ್ವರ ಬಿಟ್ಟ ಮೇಲೆ ಒಂದು ಮುಂಜಾನೆ ನನ್ನನ್ನು ಅಂಗಳಕ್ಕೆ ಕರೆದರು. ಅತ್ತ ಇತ್ತ ನೋಡಿ ದನಿ ಇಳಿಸಿದರು.

"ನೋಡವಾ, ಗಂಡಿನವರು ನಮ್ಮ ಹುಡುಗೀದೂ ಫೋಟೋ ಕೇಳಾಕತ್ತಾರ. ಸ್ಟುಡಿಯೋಕ್ಕ ನಾ ಸತ್ತರೂ ಕಳಸಂಗಿಲ್ಲ. ಮನ್ಯಾಗ ತಗದು ಮನ್ಯಾಗ ತೊಳಿಯೋ ಮಷೀನ್ ಬಂದೈತಂತಲ್ಲ, ನಿನಗ ಗೊತ್ತೈತೇನು?"

"ಪ್ರಿಂಟರ್ ರೀ ಕಾಕಾ. ಬ್ಯಾಡಗ್ಯಾಗ ಹೇಳಿದ್ರೂ ತರಿಸಿ ಕೊಡ್ತಾರ."

"ಇಲ್ಲಿ ಬ್ಯಾಡ! ಇಲ್ಲಿ ಕೊಂಡ್ರ ಸಂಜಿಯೊಳಗ ಊರಿಗೆಲ್ಲಾ ಗೊತ್ತಾಗತೈತಿ, ಇವರ ಮನ್ಯಾಗ ಫೋಟೋ ಮಷೀನ್ ಯಾಕ ಅಂತ."

ಹೀಗೆ ನಾವು ರಾಣೆಬೆನ್ನೂರಿಗೆ ಹೋದೆವು. ಅಂಗಡಿಯವನು ಪಾಪ ಒಳ್ಳೆಯವನು. ಮೂರು ಮಷೀನು ಸಾಲಾಗಿ ಇಟ್ಟು ವಿವರಿಸಿದ. ಎಲ್ಲವೂ ಮೂರು ಕೆಲಸದವು: ಅಚ್ಚು ಹಾಕುತ್ತವೆ, ಸ್ಕ್ಯಾನ್ ಮಾಡುತ್ತವೆ, ಝೆರಾಕ್ಸ್ ತೆಗೆಯುತ್ತವೆ. ಒಂದರಲ್ಲಿ ಫ್ಯಾಕ್ಸೂ ಇತ್ತು. "ಇದು ಭಾಳ ಛಲೋ ರೀ ಸಾಹೇಬ್ರ, ಫೋನಿನ ವಾಯರ್ ಹಚ್ಚಿದ್ರ ಇಲ್ಲಿಂದ ಎಲ್ಲಿಗೆ ಬೇಕಾದ್ರೂ ಕಳಸಬಹುದು" ಎಂದ. ಕಾಕಾ ಹಾವು ಕಂಡವರಂತೆ ಹಿಂದೆ ಸರಿದರು. ಎರಡನೆಯದನ್ನು ಕಂಪ್ಯೂಟರಿಗೆ ಜೋಡಿಸಲೇಬೇಕು. ಕಂಪ್ಯೂಟರಿಗೆ ಇಂಟರ್‌ನೆಟ್ ಬರುತ್ತದೆ, ಇಂಟರ್‌ನೆಟ್ಟಿಗೆ ಊರೆಲ್ಲ ಬರುತ್ತದೆ, ಆದ್ದರಿಂದ ಅದೂ ಬೇಡ. ಮೂರನೆಯದಕ್ಕೆ ಕ್ಯಾಮೆರಾದ ಕಾರ್ಡನ್ನು ಸೀದಾ ತುರುಕುವ ಸಂದು ಇತ್ತು, ಯಾವ ವಾಯರಿನ ಹಂಗೂ ಇರಲಿಲ್ಲ. ಬಣ್ಣ ಹೇಗೆ ಬರುತ್ತದೆ, ಮಸಿ ಎಷ್ಟು ದಿನ ಬಾಳುತ್ತದೆ, ಒಂದೊಂದು ಬಣ್ಣದ ಡಬ್ಬಿ ಬೇರೆ ಬೇರೆ ಸಿಗುತ್ತದೋ ಇಲ್ಲವೋ ಎಂದು ಜನ ಕೇಳುವ ಯಾವ ಪ್ರಶ್ನೆಯನ್ನೂ ಕಾಕಾ ಕೇಳಲಿಲ್ಲ. ಮುಚ್ಚಳ ಎತ್ತಿ ಗಾಜನ್ನು ನೋಡಿ ಒಂದೇ ಕೇಳಿದರು.

"ತಗದ ಮ್ಯಾಲೆ ಇದರ ಹೊಟ್ಟ್ಯಾಗ ಏನರೆ ಉಳಿತೈತೇನು?"

"ಏನು ಉಳೀಬೇಕ್ರಿ?"

"ಫೋಟೋ."

"ಇಲ್ಲ ಬಿಡ್ರಿ, ಏನೂ ಉಳಿಯಂಗಿಲ್ಲ" ಎಂದು ಅಂಗಡಿಯವನು ನಕ್ಕ. ಕಾಕಾ ನನ್ನ ಮುಖ ನೋಡಿದರು. ನಾನೂ "ಇಲ್ರಿ ಕಾಕಾ" ಎಂದೆ. ಆಮೇಲೆ ಆ ಪ್ರಶ್ನೆಯನ್ನು ನನಗೆ ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಪಟ್ಟನೆ "ಇಲ್ಲ" ಎನ್ನುತ್ತಿದ್ದೆ.

ಆ ಮೂರನೆಯದರ ಜೊತೆಗೆ ಒಂದು ಸಣ್ಣ ಕ್ಯಾಮೆರಾವನ್ನೂ ಕೊಂಡರು. ಪ್ರಿಂಟರಿನ ಡಬ್ಬದ ಮೇಲೆ ಮಷೀನಿನ ಚಿತ್ರ ದೊಡ್ಡದಾಗಿ ಇತ್ತಲ್ಲ, ಅದಕ್ಕೆ ಮನೆಯಿಂದ ತಂದಿದ್ದ ಗೋಣಿಚೀಲದಲ್ಲಿ ಇಳಿಸಿ ಬಾಯಿ ಕಟ್ಟಿದರು. ಬಸ್ಸಿನಲ್ಲಿ ಕಂಡಕ್ಟರ್ "ಏನೈತ್ರಿ ಚೀಲದಾಗ?" ಎಂದದ್ದಕ್ಕೆ "ಬೆಲ್ಲ" ಎಂದರು. ಹೇಳಿದ ಮೇಲೆ ಬ್ಯಾಡಗಿ ಬರುವವರೆಗೂ, ಈತ ಎಲ್ಲಿ ಒಂದು ತುಂಡು ಕೇಳುತ್ತಾನೋ ಎಂದು ಅಂಜಿ ಕುಳಿತಿದ್ದರು.

ಮಷೀನನ್ನು ಒಳಕೋಣೆಯಲ್ಲಿ ಇಟ್ಟು ಹಳೆಯ ಧೋತರ ಹೊದಿಸಿದರು. ಕೆಲಸ ಮುಗಿದ ಕೂಡಲೇ ಪ್ಲಗ್ಗು ಕೀಳುವುದು, ಕಾರ್ಡಿನಲ್ಲಿದ್ದದ್ದನ್ನೆಲ್ಲ ಅಳಿಸುವುದು. ಅಳಿಸುವುದನ್ನು ಮಾತ್ರ ಅವರು ನನ್ನಿಂದ ಮೊದಲ ದಿನವೇ ಕಲಿತರು. ಉಳಿದ ಯಾವ ಗುಂಡಿಯನ್ನೂ ಮುಟ್ಟಲು ಅಂಜುತ್ತಿದ್ದವರು ಅದನ್ನು ಎಷ್ಟು ಧೈರ್ಯದಿಂದ ಒತ್ತುತ್ತಿದ್ದರು!

ಫೋಟೋ ತೆಗೆಯುವುದು ಮಾಳಿಗೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ. ಹಿಂದೆ ಏನೂ ಕಾಣಬಾರದೆಂದು ಬಿಳಿ ಚಾದರ. ಹಗ್ಗಕ್ಕೆ ಕಟ್ಟೋಣ ಎಂದರೆ ಒಪ್ಪಲಿಲ್ಲ, ಹಗ್ಗ ಹರಿದರೆ? ತಾವೇ ಮಗಳ ಹಿಂದೆ ಸ್ಟೂಲಿನ ಮೇಲೆ ನಿಂತು, ಎರಡೂ ತೋಳು ಚಾಚಿ ಚಾದರ ಎತ್ತಿ ಹಿಡಿದು ಅದರ ಹಿಂದೆ ಮರೆಯಾಗುತ್ತಿದ್ದರು. ಎಷ್ಟೇ ಹೇಳಿದರೂ ಫೋಟೋದ ಎರಡೂ ಅಂಚಿನಲ್ಲಿ ಅವರ ಬೆರಳುಗಳು ಬರುತ್ತಿದ್ದವು.

"ಅಪ್ಪಾ, ಗಂಡಿನವರು ನನ್ನ ನೋಡ್ಬೇಕೋ ನಿನ್ನ ಬಟ್ಟು ನೋಡ್ಬೇಕೋ?" ಎಂದು ಮಗಳು ರೇಗುತ್ತಿದ್ದಳು.

ಕಾಕಾ ಕತ್ತರಿ ತಂದು ತಮ್ಮ ಬೆರಳಿದ್ದ ಅಂಚನ್ನು ಕಚಕಚ ಕತ್ತರಿಸಿಬಿಡುತ್ತಿದ್ದರು. ಚಿಗವ್ವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. "ಕತ್ತರಿ ಇಡ್ರಿ ಅತ್ಲಾಗ! ಜೀವಂತ ಇದ್ದ ಮನಶ್ಯಾನ ಬಟ್ಟು ಕತ್ತರಿಸ್ತಾರೇನು ಯಾರರೆ?" ಎಂದು ಕೊರಳ ತಾಳಿಯನ್ನು ಹಿಡಿದುಕೊಳ್ಳುವಳು. "ಖರೇ ಬಟ್ಟು ಇಲ್ಲೇ ಅದಾವಲಾ, ನೋಡು" ಎಂದು ಕಾಕಾ ಹತ್ತೂ ಬೆರಳು ಆಡಿಸಿ ತೋರಿಸುವರು. ಅವಳು ನಗುತ್ತಿರಲಿಲ್ಲ.

ತಮ್ಮ ಬೆರಳು ಕತ್ತರಿಸುತ್ತಿದ್ದ ಈ ಮನುಷ್ಯ ಮಗಳ ಫೋಟೋದ ಕೂದಲಿಗೂ ಕತ್ತರಿ ತಾಗಿಸುತ್ತಿರಲಿಲ್ಲ. ಬ್ಯಾಡಗಿಯ ಗಾಳಿ ನಿಮಗೆ ಗೊತ್ತಲ್ಲ, ಸುಗ್ಗಿಯಲ್ಲಿ ಮೆಣಸಿನಕಾಯಿಯ ಧೂಳು ಅನ್ನದಲ್ಲೂ ಇರುತ್ತದೆ, ಹಾಸಿಗೆಯಲ್ಲೂ ಇರುತ್ತದೆ. ಪ್ರಿಂಟರಿನ ಉರುಳೆಗೂ ಹೋಗಿ ಕೂತಿತು. ಮಗಳ ಮುಖದ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಬರತೊಡಗಿತು. ಮೊದಲ ಸಲ ಹಣೆಯಿಂದ ಕೊರಳಿನವರೆಗೆ ಆ ಗೆರೆ ಇಳಿದದ್ದನ್ನು ಕಂಡಾಗ ಕಾಕಾ ಕುಸಿದು ಕೂತರು. ಸುಳ್ಳೇಕೆ ಹೇಳಲಿ, ಧೂಳೆಂದು ಗೊತ್ತಿದ್ದ ನನಗೂ ಮೈ ಜುಂ ಎಂದಿತು. ಕೆಟ್ಟ ಫೋಟೋವನ್ನು ಏನು ಮಾಡುವುದು? ಹರಿಯುವಂತಿಲ್ಲ, ಬದುಕಿರುವ ಮಗಳನ್ನು ಹರಿದಂತೆ. ಸುಡುವಂತಿಲ್ಲ, ಆ ಮಾತನ್ನೇ ಆಡುವಂತಿಲ್ಲ. ಕೆರೆಗೆ ಬಿಟ್ಟರೆ ತೇಲುತ್ತದೆ, ರದ್ದಿಗೆ ಹಾಕಿದರೆ ಮಿರ್ಚಿ ಭಜಿ ಕಟ್ಟಿಕೊಂಡು ಊರೆಲ್ಲ ತಿರುಗುತ್ತದೆ. ಹಾಗಾಗಿ ಎಲ್ಲವೂ ಟ್ರಂಕಿಗೆ ಹೋದವು, ಮೇಲೆ ಕೀಲಿ.

"ಸ್ಟುಡಿಯೋದವನ ಹಂತೇಕ ನಂದು ಒಂದ ಫೋಟೋ ಉಳೀತಿತ್ತು. ಈಗ ನೋಡ್ರಿ ಅಕ್ಕಾ, ಟ್ರಂಕ್ ತುಂಬ ಕುಂತೇನಿ" ಎಂದು ಮಗಳು ನನ್ನ ಹತ್ತಿರ ಹೇಳಿದ್ದಳು. ನಗುತ್ತಲೇ ಹೇಳಿದಳು, ಆದರೆ ಆ ನಗುವಿನಲ್ಲಿ ಸಿಟ್ಟಿತ್ತು. ಸಿಟ್ಟಿಗೆ ಕಾರಣವೂ ಇತ್ತು. ಚೆನ್ನಾಗಿ ಬಂದ ಫೋಟೋವನ್ನೂ ಕಾಕಾ ಯಾರ ಕೈಗೂ ಬಿಡುತ್ತಿರಲಿಲ್ಲ. ಗಂಡಿನವರ ಮನೆಗೆ ತಾವೇ ಒಯ್ದು, ತಾವೇ ಕೈಯಲ್ಲಿ ಹಿಡಿದು ತೋರಿಸಿ, ಮತ್ತೆ ಕಿಸೆಯೊಳಗೆ ಇಟ್ಟುಕೊಂಡು ಬರುತ್ತಿದ್ದರು. ಅಗಡಿಯ ಒಂದು ಮನೆಯವರು "ನಮ್ಮಕ್ಕ ನಾಳೆ ಬರ್ತಾಳ್ರಿ, ಒಂದ ದಿನ ಇಟ್ಟ ಹೋಗ್ರಿ" ಎಂದು ಕೇಳಿಕೊಂಡರಂತೆ. "ನಾನ ನಾಳೆ ಮತ್ತ ತರ್ತೇನಿ" ಎಂದು ಎದ್ದು ಬಂದರು. ಅಂಥವರ ಮನೆಯ ಹೆಣ್ಣನ್ನು ಯಾರು ಕೇಳುತ್ತಾರೆ? ಫೋಟೋ ಬಿಡದವರು ಮಗಳನ್ನು ಕಳಿಸುತ್ತಾರೆಯೇ ಎಂದು ಜನ ಆಡಿಕೊಂಡರು.

ಇನ್ನು ಆ ದಿನದ ಮಾತು.

ಹೊಸದಾಗಿ ಇನ್ನೊಂದು ಸಂಬಂಧ ಬಂದಿತ್ತು. ನನಗೆ ರಜೆ. ಮಾಳಿಗೆಯ ಮೇಲೆ ಎಂದಿನಂತೆ ಮಗಳು ಮರದ ಗೊಂಬೆಯ ಹಾಗೆ ಬಿಗಿದು ನಿಂತಿದ್ದಳು, ಹಿಂದೆ ಚಾದರ. ಮೆಣಸಿನಕಾಯಿ ಪೇಟೆಯ ಕಡೆಯಿಂದ ಘಾಟಿನ ಗಾಳಿ ರಪ್ಪನೆ ಬೀಸಿತು. ಕಾಕಾ ಒಂದು ಭಾರೀ ಸೀನು ಸೀನಿದರು, ಚಾದರ ಕೈಯಿಂದ ಜಾರಿ ಕೆಳಗೆ ಬಿತ್ತು. ಮಗಳಿಗೆ ನಗು ತಡೆಯಲಾಗಲಿಲ್ಲ, ಹಲ್ಲೆಲ್ಲ ಕಾಣುವಂತೆ ಬಾಯ್ತುಂಬ ನಕ್ಕಳು. ಅವಳ ಹೆಗಲ ಹಿಂದೆ, ಸೀನಿನ ರಭಸಕ್ಕೆ ಬಗ್ಗಿದ, ಮಫ್ಲರ್ ಸುತ್ತಿದ ಕಾಕಾನ ಮುಖ, ಕಣ್ಣು ಇಷ್ಟಗಲ. ನನ್ನ ಬೆರಳು ಅಷ್ಟರಲ್ಲಿ ಒತ್ತಿಬಿಟ್ಟಿತ್ತು.

ಆ ಮಷೀನಿನಲ್ಲಿ ಒಂದು ಅನುಕೂಲವಿತ್ತು. ಕಾರ್ಡಿನಲ್ಲಿರುವ ಫೋಟೋಗಳೆಲ್ಲ ಮೊದಲು ಒಂದೇ ಹಾಳೆಯ ಮೇಲೆ ಸಣ್ಣಸಣ್ಣದಾಗಿ ಅಚ್ಚಾಗಿ ಬರುತ್ತವೆ. ಒಂದೊಂದರ ಕೆಳಗೂ ಒಂದು ಖಾಲಿ ಸೊನ್ನೆ. ಯಾವ ಫೋಟೋ ಬೇಕೋ ಅದರ ಸೊನ್ನೆಯನ್ನು ಪೆನ್ನಿನಿಂದ ತುಂಬಿ, ಹಾಳೆಯನ್ನು ಗಾಜಿನ ಮೇಲೆ ಬೋರಲಾಗಿ ಇಟ್ಟರೆ ಮಷೀನು ಅವನ್ನಷ್ಟೇ ದೊಡ್ಡದಾಗಿ ಅಚ್ಚು ಹಾಕುತ್ತದೆ. ಸೊನ್ನೆ ತುಂಬುವುದು ಯಾವಾಗಲೂ ನನ್ನ ಕೆಲಸ. ಆ ದಿನ ಹಾಳೆ ತೆಗೆದುಕೊಟ್ಟು, "ನೀವ ಆರಿಸ್ರಿ ಕಾಕಾ, ನಾ ಉಂಡು ಬರ್ತೇನಿ" ಎಂದು ಮನೆಗೆ ಹೋದೆ. ಬಂದು ನೋಡಿದರೆ ಮಷೀನು ನಿಲ್ಲದೆ ಒಂದರ ಹಿಂದೆ ಒಂದು ಉಗುಳುತ್ತಿದೆ. ಕಾಕಾ ಒಂದು ಸೊನ್ನೆಯನ್ನೂ ಬಿಡದೆ ತುಂಬಿ, ಮಗಳ ಕೈಯಿಂದ ಗುಂಡಿ ಒತ್ತಿಸಿದ್ದರು.

"ಎಲ್ಲಾ ಯಾಕ ತುಂಬಿದ್ರಿ?"

"ಖಾಲಿ ಹೆಂಗ ಬಿಡೂದವಾ?"

ಏನು ಹೇಳುವುದು ಈ ಮನುಷ್ಯನಿಗೆ! ಫೋಟೋಗಳ ಮಸಿ ಹಸಿಯಾಗಿತ್ತು. ಮಾಳಿಗೆಗೆ ಒಯ್ದು ಚಾಪೆಯ ಮೇಲೆ ಹರಡಿ, ಒಂದೊಂದರ ಮೇಲೂ ಒಂದು ಹರಳು ಇಟ್ಟೆವು. ಕಾಕಾ ಕೆಳಗಿಳಿದು ರೂಢಿಯಂತೆ ಕಾರ್ಡನ್ನು ಅಳಿಸಿದರು. ಚಹಾ ಕುಡಿದು ಮೇಲೆ ಹೋಗಿ ಫೋಟೋಗಳನ್ನು ಒಟ್ಟು ಮಾಡಿದಾಗ ಒಂದು ಕಡಿಮೆ ಬಂತು. ಸೊನ್ನೆಯ ಹಾಳೆಯ ಜೊತೆ ಹಿಡಿದು ನೋಡಿದೆವು. ಇಲ್ಲದ್ದು ಅದೇ, ಚಾದರ ಬಿದ್ದದ್ದು.

ಕಾಕಾನ ಮುಖದ ರಕ್ತ ಇಳಿದದ್ದನ್ನು ನಾನು ಕಂಡೆ. ಮಗಳು ಹಲ್ಲು ಬಿಟ್ಟು ನಗುತ್ತಿರುವ ಫೋಟೋ. ಸಾಲದ್ದಕ್ಕೆ ಇದು ಯಾರ ಮಗಳು ಎಂದು ಗುರುತು ಹೇಳಲು ಹಿಂದೆ ತಾವೇ ನಿಂತಿದ್ದಾರೆ. ಮಾಳಿಗೆಯ ಹಿಂಬದಿಗೆ ಪೇಟೆ. ಗಾಳಿ ಈಗ ದಿಕ್ಕು ತಿರುಗಿ ಆ ಕಡೆಗೇ ಬೀಸುತ್ತಿತ್ತು. "ಹೋತಲ್ಲವಾ... ಹೊರಗ ಹೋತಲ್ಲ..." ಎಂದು ಗೋಡೆ ಹಿಡಿದುಕೊಂಡರು. ಬಟ್ಟೆ ಒಣಹಾಕಲು ಬಂದಿದ್ದ ಚಿಗವ್ವನ ಮುಖವೂ ಬಿಳಿಚಿತ್ತು. "ಹೋದ್ರ ಹೋಗ್ಲಿ ಬಿಡ್ರಿ, ಎಲ್ಲೆರೆ ಗಟಾರಕ್ಕ ಬಿದ್ದಿರತೈತಿ" ಎಂದಳು. ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. ತಾಯಿಯಲ್ಲವೇ, ಅವಳಿಗೂ ಅಂಜಿಕೆಯೇ ಎಂದುಕೊಂಡೆ.

ನಾವಿಬ್ಬರೂ ಪೇಟೆಗೆ ಓಡಿದೆವು. ಟೆಂಡರಿನ ದಿನ, ಮಾಲಿಗೆ ಬೆಲೆ ಕಟ್ಟುವ ದಿನ. ಕಣ್ಣು ಹಾಯಿಸಿದಷ್ಟೂ ಕೆಂಪು ರಾಶಿ, ಚೀಲ, ಹಮಾಲರು, ಸಾಲಾಗಿ ಕೂತು ತೊಟ್ಟು ಬಿಡಿಸುವ ಹೆಂಗಸರು. ಇಂಥದ್ದರಲ್ಲಿ ಅಂಗೈಯಗಲದ ಕಾಗದ ಹುಡುಕಬೇಕು, ಏನು ಹುಡುಕುತ್ತಿದ್ದೇವೆಂದು ಯಾರಿಗೂ ಹೇಳಬಾರದು. ಹೇಳಿದರೆ ಡಂಗುರ ಹೊಡೆದಂತೆಯೇ ಅಲ್ಲವೇ? ಕಾಕಾ ಬಗ್ಗಿ ಬಗ್ಗಿ ರಾಶಿಗಳ ಸಂದಿಯಲ್ಲಿ ನೋಡುತ್ತಿದ್ದರು. ಕಣ್ಣು, ಮೂಗು ಸುರಿಯುತ್ತಿತ್ತು. ಅದು ಘಾಟಿಗೋ ಅಳುವಿಗೋ ತಿಳಿಯದು.

"ಏನ್ ಕಳಕ್ಕೊಂಡೀರ್ರಿ ಸಾಹೇಬ್ರ?" ಎಂದು ಒಬ್ಬ ಹಮಾಲ ಕೇಳಿದ.

"ಕೀಲಿ" ಎಂದುಬಿಟ್ಟರು ಕಾಕಾ.

ಅಷ್ಟೇ ಸಾಕಾಯಿತು. ಕೋಲ್ಡ್ ಸ್ಟೋರೇಜಿನ ಕೀಲಿ ಕಳೆದಿದೆ ಎಂದು ಪೇಟೆಯ ತುಂಬ ಗುಲ್ಲಾಯಿತು. ತಮ್ಮ ಮಾಲು ಅಲ್ಲೇ ಇಟ್ಟವರೆಲ್ಲ ಎದ್ದು ಬಂದರು. ಹಮಾಲರು ಚೀಲ ಸರಿಸಿದರು, ಹೆಂಗಸರು ಸೆರಗು ಸಿಗಿಸಿ ರಾಶಿ ಕೆದಕಿದರು. ಇಷ್ಟು ಜನ ಹುಡುಕಿದರೆ ಅದು ಸಿಕ್ಕೇ ಸಿಗುತ್ತದೆ, ಯಾರದೋ ಕೈಗೆ ಸಿಗುತ್ತದೆ, ಎತ್ತಿ ಹಿಡಿದು "ಇದೇನ್ರಿ?" ಎನ್ನುತ್ತಾರೆ. ಕಾಕಾನಿಗೂ ಅದು ಹೊಳೆಯಿತು. "ಸಿಕ್ತು, ಸಿಕ್ತು!" ಎಂದು ಕೂಗಿ ಕಿಸೆಯಿಂದ ತಮ್ಮದೇ ಕೀಲಿ ಎತ್ತಿ ತೋರಿಸಿದರು. ಜನ ನಕ್ಕರು, ಒಬ್ಬಾಕೆ ನೀರು ಕೊಟ್ಟಳು. ಅವರ ಕಣ್ಣು ಇನ್ನೂ ರಾಶಿಗಳ ಮೇಲೇ ಇತ್ತು, ನೀರೆಲ್ಲ ಮಫ್ಲರಿನ ಮೇಲೆ ಚೆಲ್ಲಿತು.

ಬಾಯಿ ಹೊಲಿದ ಚೀಲಗಳನ್ನು ಒಂದು ಲಾರಿಗೆ ಏರಿಸುತ್ತಿದ್ದರು. ಕಾಕಾ ಅದನ್ನೇ ನೋಡುತ್ತ ನಿಂತರು.

"ಆ ಚೀಲದಾಗ ಹೊಕ್ಕಿದ್ರ?" ಎಂದು ನನ್ನ ಕಿವಿಯಲ್ಲಿ ಕೇಳಿದರು. "ಯಾವ ಊರಿಗೆ ಹೋಗತೈತೋ, ಯಾರು ಬಿಚ್ಚತಾರೋ..."

ಲಾರಿ ಹೊರಟಿತು. ಅದು ತಿರುಗಿ ಮರೆಯಾಗುವವರೆಗೂ ಅವರು ಕಣ್ಣು ಕೀಳಲಿಲ್ಲ.

ಅಂದಿನಿಂದ ಪ್ರಿಂಟರಿನ ಧೋತರ ತೆಗೆಯಲೇ ಇಲ್ಲ. ಬಂದ ಸಂಬಂಧಕ್ಕೆ "ಈಗ ಬ್ಯಾಡ" ಎಂದು ಹೇಳಿಕಳಿಸಿದರು. ಬಾಗಿಲು ಬಡಿದರೆ ಬೆಚ್ಚುವರು. ಹೊಸಬರು ಯಾರಾದರೂ ತಮ್ಮ ಮುಖವನ್ನು ಒಂದು ಗಳಿಗೆ ಹೆಚ್ಚು ನೋಡಿದರೆ, ನನಗೆ ಬಂದು ಹೇಳುವರು: "ಅಂವಾ ಫೋಟೋ ನೋಡ್ಯಾನ ಅನಸ್ತೈತಿ." ನನಗೆ ಅಳು ಬರುತ್ತಿತ್ತು, ಅವರ ಹುಚ್ಚಿಗೆ ಸಿಟ್ಟೂ ಬರುತ್ತಿತ್ತು. ಮುಂದೆ ಮದುವೆಯಾಗಿ ನಾನು ರಾಣೆಬೆನ್ನೂರಿಗೆ ಬಂದೆ. ಅವರ ಅಂಜಿಕೆ ಬ್ಯಾಡಗಿಯಲ್ಲೇ ಉಳಿಯಿತು ಎಂದುಕೊಂಡಿದ್ದೆ, ಇಲ್ಲ, ನನ್ನ ಜೊತೆಗೂ ಒಂದಿಷ್ಟು ಬಂದಿದೆ. ಕೀಲಿ ಹಾಕಿ ಎಳೆದು ನೋಡುತ್ತೇನೆ.

ಫೋನು ಬಂದ ದಿನ ಹೊರಡುವ ಮೊದಲು, ಕೆಲಸಕ್ಕೆ ಬಂದೀತೆಂದು ಆ ಹಳೆಯ ಅಂಗಡಿಯಲ್ಲೇ ಮಸಿಯ ಡಬ್ಬಿ ಕೇಳಿದೆ. ಪುಣ್ಯಕ್ಕೆ ಸಿಕ್ಕಿತು. ಬ್ಯಾಡಗಿಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿ ಎಲ್ಲರೂ ತಿರುಗಿ ಬಂದಿದ್ದರು. ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಜೀವ ಹೋಗಿತ್ತಂತೆ, ಮುಂದೆ ಅರ್ಧ ಬರೆದ ಪಾವತಿ ಇತ್ತಂತೆ. ಉಳಿದರ್ಧ ಖಾಲಿ ಬಿಟ್ಟು ಹೋಗಲು ಆ ಮನುಷ್ಯನಿಗೆ ಹೇಗೆ ಮನಸ್ಸಾಯಿತೋ.

ಮಗಳು ಕೈಲಾದಷ್ಟೂ ಹುಡುಕಿದ್ದಳು. ಅಪ್ಪ ಅವ್ವನ ಮದುವೆಯ ಫೋಟೋದಲ್ಲಿ ಬಾಸಿಂಗ ಅಪ್ಪನ ಮುಖ ಮುಚ್ಚಿತ್ತು. ಮತದಾರರ ಚೀಟಿಯಲ್ಲಿ ಬರೀ ಕಪ್ಪು ಮಸಿ. ಸೊನ್ನೆಯ ಹಾಳೆ ಟ್ರಂಕಿನಲ್ಲಿ ಸಿಕ್ಕಿತ್ತು, ಅದರಲ್ಲಿ ಅಪ್ಪನ ಮುಖ ಸಾಸಿವೆ ಕಾಳಿನಷ್ಟಿತ್ತು. ಉಳಿದದ್ದೆಲ್ಲ ಅವಳದೇ ಮುಖ, ಕೆಂಪು ಗೆರೆಯದು, ಗೆರೆ ಇಲ್ಲದ್ದು.

"ದಿನಕರ್ಮಕ್ಕ ಏನಿಟ್ಟು ಹಾರ ಹಾಕೂದ್ರಿ ಅಕ್ಕಾ? ಖಾಲಿ ಮಣೀಗೆ?" ಎಂದು ಅತ್ತಳು. "ಸ್ಟೋರೇಜಿನವರು ಬ್ಯಾರೆ ಫ್ಲೆಕ್ಸ್ ಮಾಡಸ್ತೇವಿ, ಫೋಟೋ ಕೊಡ್ರಿ ಅಂತಾರ."

ಮೂಲೆಯಲ್ಲಿ ಗೋಡೆಗೆ ಒರಗಿದ್ದ ಚಿಗವ್ವ ಆಗ ಎದ್ದಳು. ದೇವರ ಜಗಲಿಯ ಕೆಳಗೆ ಕೈ ಹಾಕಿ, ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಬಿಚ್ಚಿದೆ. ಮಗಳು ಹಲ್ಲು ಬಿಟ್ಟು ನಗುತ್ತಿದ್ದಳು. ಹಿಂದೆ ಮಫ್ಲರ್, ಇಷ್ಟಗಲ ಕಣ್ಣು.

ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಗಾಳಿ ಒಯ್ದಿದ್ದಿಲ್ಲ. ನಾನ ತಗೊಂಡಿದ್ನಿ" ಎಂದಳು ಚಿಗವ್ವ. "ಬಟ್ಟು ಕಂಡ್ರ ಕತ್ತರಿ ಹಾಕವರು, ಮಾರಿ ಕಂಡ್ರ ಬಿಡ್ತಾರೇನವಾ? ಇಕಿನ್ನ ಉಳಿಸಿ ತಮ್ಮ ಮಾರಿ ಕತ್ತರಿಸಿ ಒಗೀತಿದ್ರು. ಅಂಜಿಕಿ ಬಂತು ನನಗ. ಸೆರಗಿನಾಗ ಮುಚ್ಚಿಕೊಂಡೆ."

"ಅಪ್ಪ ಅಷ್ಟ ಒದ್ದಾಡಿದ, ಹೇಳಬಾರದಾಗಿತ್ತೇನು?" ಎಂದು ಮಗಳು ಚೀರಿದಳು.

"ಹೇಳಬೇಕಂತಿದ್ನಿ. ಹೇಳಿದ್ರ ಮದ್ಲ ಕತ್ತರಿ ಕೇಳ್ತಿದ್ರು. ನಾಳೆ ಹೇಳೂನು, ನಾಳೆ ಹೇಳೂನು ಅಂತ..."

ತಾಯಿ ಮಗಳು ಇಬ್ಬರೂ ಆ ಫೋಟೋದ ಮೇಲೆ ಬಗ್ಗಿ ಅಳತೊಡಗಿದರು. ನಾನು ದಡಬಡಿಸಿ ಅದನ್ನು ದೂರ ಎಳೆದುಕೊಂಡೆ. ಆ ಮಷೀನಿನ ಮಸಿ ನೀರಿನದು, ಒಂದು ಹನಿ ಬಿದ್ದರೂ ಮುಖ ಕರಗಿ ಹರಿದುಹೋಗುತ್ತದೆ. "ಅಳಬ್ಯಾಡ್ರಿ, ದೂರ ಕುಂತು ಅಳ್ರಿ!" ಎಂದು ಗದರಿದೆ. ಸತ್ತವರ ಮನೆಯಲ್ಲಿ ಆಡುವ ಮಾತೇ ಅದು? ಆದರೆ ನನ್ನ ಕೈಯಲ್ಲಿದ್ದದ್ದು ಅವರ ಒಂದೇ ಒಂದು ಮುಖ.

ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸೋಣ ಎಂದರೆ ಚಿಗವ್ವ ಒಪ್ಪಲಿಲ್ಲ. "ಇಷ್ಟು ವರ್ಷ ಹೊರಗ ಹೋಗಿಲ್ಲ. ಅವರು ಮಣ್ಣಾದ ದಿನಾನ ಕಳಸಲೇನು?" ಎಂದಳು. ಫ್ಲೆಕ್ಸಿನ ಮಾತಿಗೆ, "ಸರ್ಕಲ್ಲಿನಾಗ ನಿಲ್ಲಸ್ತೀರೇನು ಅವರನ್ನ? ಅಂಜತಾರವರು" ಎಂದಳು.

ಹೀಗಾಗಿ ಮತ್ತೆ ಧೋತರ ತೆಗೆದು, ಮಸಿಯ ಡಬ್ಬಿ ಹಾಕಿ, ಉರುಳೆಯ ಕೆಂಪು ಧೂಳು ಒರೆಸಿ ಕೂತೆ. ಕೆಟ್ಟರೆ? ಕಾಗದ ಸಿಕ್ಕಿಕೊಂಡರೆ? ಗಾಜಿಗೆ ಮೂಲ ಫೋಟೋವೇ ಅಂಟಿದರೆ? ಕಾಕಾ ನನ್ನೊಳಗೆ ಬಂದು ಕೂತಂತೆ ಒಂದೊಂದಕ್ಕೂ ಅಂಜಿದೆ. ಹಾರ ಹಾಕುವ ಫೋಟೋದಲ್ಲಿ ಬದುಕಿರುವ ಮಗಳು ಇರಬಾರದು. ಕತ್ತರಿಯ ಹೆಸರೆತ್ತುವವರು ಯಾರೂ ಇರಲಿಲ್ಲ. ಅವಳ ಭಾಗದ ಮೇಲೆ ಬಿಳಿ ಕಾಗದ ಮುಚ್ಚಿ ಬೋರಲು ಇಟ್ಟೆ. ಈ ಸಲ ಬಿಳಿಯ ಹಿಂದೆ ಮರೆಯಾದವಳು ಮಗಳು. ಬೆಳಕು ಸರಸರನೆ ಆಚೆಯಿಂದ ಈಚೆಗೆ ಹಾಯಿತು, ಮಷೀನು ಗುರುಗುಟ್ಟಿತು, ಕಾಗದ ಮೆಲ್ಲಗೆ ಹೊರಗೆ ಬಂತು. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಆ ಕಣ್ಣು. ಗೆರೆ ಬರಲಿಲ್ಲ.

ಮಗಳು ಅದನ್ನು ಅಂಗೈಯ ಮೇಲೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು ದೇವರಕೋಣೆಗೆ ಒಯ್ದಳು.

ಚಿಗವ್ವ ಮಾತ್ರ ಮಷೀನಿನ ಹತ್ತಿರವೇ ಉಳಿದಳು. ಮೂಲ ಫೋಟೋವನ್ನು ತೆಗೆದು ಕುಪ್ಪಸದ ಬಟ್ಟೆಯಲ್ಲಿ ಸುತ್ತಿಕೊಂಡಳು. ಖಾಲಿ ಗಾಜಿನ ಮೇಲೆ ಅಂಗೈ ಇಟ್ಟಳು. ಆ ಬೆಳಕಿನ ಬಿಸಿ ಇನ್ನೂ ಇದ್ದಿರಬೇಕು, ಕೈ ತೆಗೆಯಲಿಲ್ಲ.

"ಯವ್ವಾ" ಎಂದಳು, "ಇದರ ಹೊಟ್ಟ್ಯಾಗ ಏನರೆ ಉಳದಿರತೈತೇನು?"

ಕಾಕಾನ ಪ್ರಶ್ನೆಯೇ. ಅವರಿಗೆ ಎಷ್ಟು ಸಲ ಪಟ್ಟನೆ ಉತ್ತರ ಕೊಟ್ಟಿದ್ದೆ. ಅವಳು ಇನ್ನಷ್ಟು ಹತ್ತಿರ ಬಗ್ಗಿದಳು.

"ಒಂದ ಸ್ವಲ್ಪರೆ?"

ಇಲ್ಲ ಎನ್ನಲು ನನಗೆ ಅಂಜಿಕೆಯಾಯಿತು.